ಅಡ್ಡ ಹಾಕಿದ ಕಂಟಿ

“ಅತ್ತೀ, ರಸ್ತಾ ಬಂದ್ ಮಾಡ್ಯಾರ್ರಿ. ಹೊಳ್ಳಿ ಹೋಗೂಣ್ರಿ,” ಎಂದು ಪ್ರೀತಿ ಸೈಕಲ್ ನಿಲ್ಲಿಸಿದಳು. ಬನಹಟ್ಟಿಯಿಂದ ಚಿಮ್ಮಡದ ಕಡೆ ಹೋಗುವ ಕಾಲುವೆ ದಂಡೆಯ ದಾರಿಯನ್ನು ಮೋರಿ ಕಟ್ಟಲು ಅಗೆದು, ಅಡ್ಡಲಾಗಿ ಜಾಲಿಮುಳ್ಳಿನ ಕಂಟಿ ಹಾಕಿದ್ದರು. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ.

ಅತ್ತೆ ಮಂಗಲಾ ಒಪ್ಪಲಿಲ್ಲ. ಸಕ್ಕರೆ ಕಾಯಿಲೆಗೆಂದು ಐವತ್ತು ದಾಟಿದ ಮೇಲೆ ಸೈಕಲ್ ಕಲಿತವಳು. ಅರ್ಧಕ್ಕೇ ತಿರುಗುವುದು ಅವಳಿಗೆ ಆಗದ ಮಾತು. ಕಂಟಿಯನ್ನು ಎಳೆದು ಬದಿಗೆ ಸರಿಸಿದಳು. ಇಬ್ಬರೂ ಸೈಕಲ್ ತಳ್ಳಿಕೊಂಡು ಗುಂಡಿಯ ಅಂಚಿನಲ್ಲಿ ಹುಷಾರಾಗಿ ದಾಟಿದರು.

“ಕಂಟಿ ಮತ್ತ ಹಚ್ಚಿ ಬರ್ತೀನ್ರಿ,” ಎಂದಳು ಸೊಸೆ.

“ಇರ್ಲಿ ಬಿಡವ್ವಾ. ಬರೂವಾಗ ಮತ್ತ ಎಳೀಬೇಕಾಕ್ಕತಿ. ಇಷ್ಟೊತ್ನ್ಯಾಗ ಯಾರ ಬರ್ತಾರ?”

ಹಿಂದಿರುಗುವಾಗ ಗುಂಡಿಯೊಳಗಿಂದ ನರಳುವ ಸದ್ದು ಕೇಳಿಸಿತು. ಮಗ್ಗದ ಕೆಲಸಗಾರ ಚನಮಲ್ಲಪ್ಪ ರಾತ್ರಿ ಪಾಳಿ ಮುಗಿಸಿ ಊರಿಗೆ ಹೊರಟವನು ಸೈಕಲ್ ಸಮೇತ ಬಿದ್ದಿದ್ದ. ಬಲಗೈ ಮೊಣಕೈ ಕೆಳಗೆ ಸೊಟ್ಟಗಾಗಿತ್ತು. ಅತ್ತೆ-ಸೊಸೆ ಸೇರಿ ಅವನನ್ನು ಮೇಲೆತ್ತಿದರು.

“ದಿನಾ ಸುತ್ತ ಹಾಕ್ಕೊಂಡ ಹೋಗ್ತಿದ್ನಿ ತಾಯಿ. ಇವತ್ತ ಕಂಟಿ ತಗದಿದ್ರು. ಕೆಲಸ ಮುಗದೇತಿ ಅಂತ ಸೀದಾ ಬಂದ್ನಿ.”

“ಯಾರೋ ಉಡಾಳ ಹುಡುಗ್ರು ತಗದಿರಬೇಕು.” ಮಾತು ಮಂಗಲಾಳ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು. ಪ್ರೀತಿ ಒಮ್ಮೆ ಅತ್ತೆಯ ಮುಖ ನೋಡಿದಳು, ಅಷ್ಟೆ. ಆಟೋದಲ್ಲಿ ಆಸ್ಪತ್ರೆ ಮುಟ್ಟುವವರೆಗೂ ಮಂಗಲಾ ಸೊಸೆಯ ಕಡೆ ತಿರುಗಲಿಲ್ಲ.

ಕೈಗೆ ಪ್ಲಾಸ್ಟರ್ ಹಾಕುವ ಹೊತ್ತಿಗೆ ಅವನ ಹೆಂಡತಿ ಸಾವಕ್ಕ ಓಡಿ ಬಂದಳು. ಗಂಡನನ್ನು ಮಾತಾಡಿಸಿ ವರಾಂಡಕ್ಕೆ ಬಂದು ಮಂಗಲಾಳ ಎರಡೂ ಕೈ ಹಿಡಿದು, “ಯಾರೋ ಹುಡುಗ್ರು ಕಂಟಿ ತಗದಾರಂತ. ನೀವು ಬರಲಿಲ್ಲಂದ್ರ ಏನ್ ಗತಿ ಆಗತಿತ್ರೀ ಅಕ್ಕಾರ!” ಎಂದು ಅತ್ತಳು. ಇನ್ನು ಸುಮ್ಮನಿರಲು ಮಂಗಲಾಳಿಂದ ಆಗಲಿಲ್ಲ.

“ತಂಗೀ, ಆ ಕಂಟಿ ತಗದಾಕಿ ನಾನಽ. ಹುಡುಗ್ರಲ್ಲ. ಸುಳ್ಳ ಹೇಳೀನಿ.”

ಸಾವಕ್ಕ ಪ್ರೀತಿಯ ಕಡೆ ನೋಡಿದಳು. ಪ್ರೀತಿ ಅಲ್ಲವೆನ್ನಲಿಲ್ಲ. ಹಿಡಿದಿದ್ದ ಕೈ ಸಡಿಲವಾಯಿತು. ಸಾವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಿಮ್ಮ ಮನಿಯವರ ಮುಂದೂ ಹೇಳ್ತೀನಿ,” ಎಂದು ಮಂಗಲಾ ವಾರ್ಡಿನ ಬಾಗಿಲಿಗೆ ಬಂದಳು. ಸಾವಕ್ಕ ತಟ್ಟನೆ ಅವಳ ರಟ್ಟೆ ಹಿಡಿದಳು.

“ಬ್ಯಾಡ್ರಿ. ದೇವರು ಇಬ್ಬರು ತಾಯಂದ್ರನ್ನ ಕಳಿಸಿದ ಅಂತ ಒಳಗ ಎಲ್ಲಾರ ಮುಂದ ಹೇಳಾಕತ್ತಾರ. ಅದಾದ್ರೂ ಇರ್ಲಿ ಅವರಿಗೆ.”

ಒಳಗೆ ಚನಮಲ್ಲಪ್ಪ ಎಡಗೈಯಿಂದ ಬಾಗಿಲತ್ತ ತೋರಿಸಿದ. “ಅವರಽ ನೋಡ್ರಿ!”

ಪಕ್ಕದ ಹಾಸಿಗೆಯ ಮುದುಕ ಕಷ್ಟಪಟ್ಟು ಎದ್ದು ಕುಳಿತು, ಮಂಗಲಾಳಿಗೆ ಕೈ ಮುಗಿದ.