ಅಜ್ಜಿಗೆ ಚಳಿ

"ಕಡ್ಡಿ ಗೀರಿದ್ದು ನೀನೇನಾ?"

"ನಾನೇ ಅಮ್ಮಾ."

ಗುಮಾಸ್ತ ಮೆಂಡಲ್‌ನ ಲೇಖನಿ ನಿಂತಿತು. ಮಕ್ಕಳ ನ್ಯಾಯಾಲಯದಲ್ಲಿ ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವರು ಅಪರೂಪ. ಕಟಕಟೆಯ ಮುಂದಿದ್ದವಳು ಅರ್ಲೀನ್, ಕಪ್ಪು ಜನರ ಕೇರಿ ಹಾರ್ಲೆಮ್ಮಿನ ಹುಡುಗಿ. ತಾಯಿಯಿಲ್ಲ; ಕಂಡವರ ಬಟ್ಟೆ ಒಗೆಯುವ ಚಿಕ್ಕಮ್ಮನೇ ದಿಕ್ಕು. ಹೋದ ಶನಿವಾರ ಬೆಳಿಗ್ಗೆ ಯಹೂದಿ ಮುದುಕಿ ಫೈಗಾಳ ಅಡುಗೆಮನೆಯಲ್ಲಿ ಬೆಂಕಿಪೊಟ್ಟಣದ ಸಮೇತ ಸಿಕ್ಕಿಬಿದ್ದಿದ್ದಳು. ಒಲೆಯ ಪಕ್ಕದ ಪರದೆ ಉರಿದು ಕಿಟಕಿಯ ಚೌಕಟ್ಟು ಕರಿಯಾಗಿತ್ತು. ಹುಡುಗಿಯ ಜೇಬಿನಲ್ಲಿ ಮುದುಕಿಯ ಕಪಾಟಿನ ರೊಟ್ಟಿಯ ತುಂಡೂ ಸಿಕ್ಕಿತ್ತು. ಹೀಗಾಗಿ ಬೆಂಕಿಯ ಜೊತೆಗೆ ಕಳ್ಳತನವೂ ಸೇರಿಕೊಂಡಿತು.

"ಯಾಕೆ ಗೀರಿದೆ?" ಎಂದರು ನ್ಯಾಯಾಧೀಶೆ.

"ಅಜ್ಜಿ ಚಳಿ ಅಂದ್ರು."

ಮನೆಯ ಮಾಲೀಕ ಡ್ರಿಸ್ಕಲ್ ಗಹಗಹಿಸಿ ನಕ್ಕ. ನ್ಯಾಯಾಧೀಶೆ ಬ್ಲೂಮಾ ಹೆಲ್ಪರಿನ್ ತಲೆಯೆತ್ತಿ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡ.

ಆ ಪೀಠದಲ್ಲಿ ಕೂತ ಮೊದಲ ಹೆಂಗಸು ಬ್ಲೂಮಾ. ನಗರದ ದೊಡ್ಡವರಿಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೇ. ಯಹೂದಿ ಮಗುವಿಗೆ ಯಹೂದಿಗಳ ಆಶ್ರಮವಿದೆ, ಕ್ಯಾಥೊಲಿಕ್ ಮಗುವಿಗೆ ಅವರದಿದೆ, ಕಪ್ಪು ಮಗುವಿಗೆ ಮಾತ್ರ ಎಲ್ಲಿಯೂ ಜಾಗವಿಲ್ಲ, ಇದ್ಯಾವ ನ್ಯಾಯ ಎಂದು ಸಭೆ ಸಭೆಯಲ್ಲೂ ಕೇಳಿ ಬೈಸಿಕೊಂಡಿದ್ದರು. ಬೈಸಿಕೊಂಡದ್ದಷ್ಟೇ ಬಂತು. ತಪ್ಪು ರುಜುವಾತಾದರೆ ಅರ್ಲೀನ್ ಹೋಗಬೇಕಾದದ್ದು ಊರಾಚೆಯ ಸುಧಾರಣಾ ಶಾಲೆಗೆ. ಹೆಸರಿಗೆ ಶಾಲೆ, ಬೀಗ ಜೈಲಿನದು. ಒಳಹೊಕ್ಕರೆ ವಯಸ್ಸಿಗೆ ಬರುವ ತನಕ ಹೊರಗೆ ಬರುವಂತಿಲ್ಲ.

ಹಿಂದಿನ ಬೆಂಚಿನಲ್ಲಿ ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ಮುದುಕಿಯೂ ಯಹೂದಿ, ನ್ಯಾಯಾಧೀಶೆಯೂ ಯಹೂದಿ. ತಮ್ಮವರನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ?

ಡ್ರಿಸ್ಕಲ್ ತನ್ನ ಕರಾರನ್ನು ವಿವರಿಸಿದ. ಬಾಡಿಗೆದಾರರ ತಪ್ಪಿನಿಂದ ಬೆಂಕಿ ಬಿದ್ದರೆ ಅವರು ಮನೆ ಖಾಲಿ ಮಾಡಬೇಕು. ಹೊರಗಿನವರು ನುಗ್ಗಿ ಇಟ್ಟ ಬೆಂಕಿಯಾದರೆ ಅವನೇನೂ ಮುದುಕಿಯನ್ನು ಬೀದಿಗೆ ತಳ್ಳುವ ಕಟುಕನಲ್ಲ. ಇವತ್ತು ತನ್ನ ಕಾರಿನಲ್ಲೇ ಆಕೆಯನ್ನು ಕೂರಿಸಿಕೊಂಡು ಬಂದಿದ್ದಾನಂತೆ. ಅದನ್ನು ಕೇಳಿದ ಮೇಲೆ ಅರ್ಲೀನ್ ತುಟಿ ಬಿಚ್ಚಲಿಲ್ಲ. ಬ್ಲೂಮಾ ಕೇಳಿದ್ದಕ್ಕೆಲ್ಲ ನೆಲ ನೋಡಿದಳು. ತಪ್ಪು ಮಾಡಿದವರು ಹೀಗೇ ಎಂದುಕೊಂಡ ಮೆಂಡಲ್.

"ಅಮ್ಮಾವ್ರೇ, ಈ ಅಜ್ಜಿಗೆ ಇಂಗ್ಲಿಷ್ ಒಂದಕ್ಷರ ಬರಲ್ಲ," ಎಂದ ಡ್ರಿಸ್ಕಲ್. "ಬರೋದು ನಿಮ್ಮೋರ ಯಿಡ್ಡಿಶ್ ಒಂದೇ. ಚಳಿ ಅಂದದ್ದು ಈ ಹಾರ್ಲೆಮ್ ಹುಡುಗಿಗೆ ಹೇಗೆ ತಿಳೀತು, ಕನಸು ಬಿತ್ತಾ? ಅದೂ ಅವತ್ತು ಶನಿವಾರ. ಶುಕ್ರವಾರ ಹೊತ್ತು ಮುಳುಗಿದ್ಮೇಲೆ ಶನಿವಾರ ರಾತ್ರಿ ತನಕ ನಿಮ್ಮೋರು ಬೆಂಕಿ ಮುಟ್ಟಲ್ಲ, ದೀಪ ಹಚ್ಚಲ್ಲ. ಹಚ್ಚು ಅಂತ ಇನ್ನೊಬ್ಬರಿಗೆ ಹೇಳೋದೂ ತಪ್ಪಂತೆ. ನಿಮಗೆ ನಾನು ಹೇಳಿಕೊಡ್ಬೇಕಾ?"

"ಬೇಡ," ಎಂದರು ಬ್ಲೂಮಾ.

ಮುದುಕಿಯನ್ನು ಮುಂದಕ್ಕೆ ಕೂರಿಸಿದರು. ನಿಯಮದಂತೆ ಮೆಂಡಲ್ ಯಿಡ್ಡಿಶಿನಲ್ಲಿ ಕೇಳಿ ಇಂಗ್ಲಿಷಿನಲ್ಲಿ ಹೇಳಬೇಕು. ಒಲೆ ಹಚ್ಚೆಂದು ಹುಡುಗಿಗೆ ಹೇಳಿದಿರಾ? ಇಲ್ಲ, ಅಂಥ ಮಾತು ನನ್ನ ಬಾಯಲ್ಲಿ ಬರುವುದೇ ಇಲ್ಲ ಎಂದಳು ಮುದುಕಿ. ದನಿಯಲ್ಲಿ ಅಳುಕಿರಲಿಲ್ಲ. ಈ ಹುಡುಗಿಯನ್ನು ಬಲ್ಲಿರಾ?

ಮುದುಕಿ ಡ್ರಿಸ್ಕಲ್‌ನ ಮುಖ ನೋಡಿದಳು. ಆಮೇಲೆ ಯಿಡ್ಡಿಶಿನಲ್ಲಿ ಏನೋ ಗೊಣಗಿದಳು. ಅರ್ಲೀನ್ ಸಟ್ಟನೆ ತಲೆಯೆತ್ತಿ ಆಕೆಯನ್ನು ನೋಡಿ, ಮತ್ತೆ ತಲೆ ತಗ್ಗಿಸಿದಳು.

"ಇಲ್ಲ, ಯಾವತ್ತೂ ನೋಡಿಲ್ಲ ಅಂತಾರೆ," ಎಂದು ಮೆಂಡಲ್ ಹೇಳಿದ್ದು ಅದಾದ ಮೇಲೆ.

ಬ್ಲೂಮಾ ಹುಡುಗಿಯನ್ನೇ ನೋಡುತ್ತ ಕುಳಿತರು. ಆಮೇಲೆ ಆಜ್ಞೆ ಬರೆಯಬೇಕೆಂದು ಎಲ್ಲರನ್ನೂ ಕೂರಲು ಹೇಳಿದರು. ಅರ್ಲೀನ್ ಗೋಡೆ ಬದಿಯ ಬೆಂಚಿಗೆ ಹೋದಳು.

ಅವತ್ತು ಶುಕ್ರವಾರ. ಚಳಿಗಾಲದ ಹೊತ್ತು, ಕಿಟಕಿಯಾಚೆ ಬಿಸಿಲು ಆರುತ್ತ ಬಂದಿತ್ತು. ಇಂಥ ದಿನ ಬೇಗ ಎದ್ದು ಮನೆಗೆ ಓಡುವ ಅಮ್ಮಾವ್ರು ಇವತ್ತು ಕಾಗದ ತಿರುವುತ್ತಲೇ ಕುಳಿತಿದ್ದರು. ಬರೆದದ್ದೇನೂ ಕಾಣಲಿಲ್ಲ. ಡ್ರಿಸ್ಕಲ್ ಕಾಲು ಕುಣಿಸಿದ, ಎರಡು ಸಲ ಆಕಳಿಸಿದ. ಮುದುಕಿಯ ಗಲ್ಲ ಎದೆಗೆ ತಾಗಿತು. ಪಾಪ, ಕಣ್ಣಿಗೆ ಜೋಂಪು ಹತ್ತಿತ್ತು. ಕೋಣೆಯಲ್ಲಿ ಮುಖಕ್ಕೆ ಮುಖ ಕಾಣದಂತಾಯಿತು. ದೀಪ ಹಾಕಲೆಂದು ಮೆಂಡಲ್ ಎದ್ದ. ಕೂತುಕೋ ಎಂದು ಬ್ಲೂಮಾ ಕೈಸನ್ನೆ ಮಾಡಿದರು. ಈ ಹೆಂಗಸಿಗೆ ತಲೆ ಕೆಟ್ಟಿರಬೇಕು ಎಂದು ಅವನಿಗೆ ನಿಜವಾಗಿ ಅನ್ನಿಸಿತು.

ಇನ್ನೂ ಕತ್ತಲಾಗಲು ಬಿಟ್ಟು ಬ್ಲೂಮಾ ಲೇಖನಿ ಕೆಳಗಿಟ್ಟರು. ದೀಪ ಹಾಕು ಎನ್ನದೆ, ಯಾರಿಗೂ ಅಲ್ಲವೆಂಬಂತೆ, ತಮ್ಮ ತಾಯಿ ಆಡುತ್ತಿದ್ದ ಯಿಡ್ಡಿಶಿನಲ್ಲಿ, ಅಡುಗೆಮನೆಯ ಮುದುಕಿಯರ ರಾಗದಲ್ಲಿ ಗೊಣಗಿದರು.

"ಏನು ಕತ್ತಲೆಯಪ್ಪಾ. ಒಂದೂ ಕಣ್ಣಿಗೆ ಕಾಣಲ್ಲ."

ಅರ್ಲೀನ್ ಎದ್ದಳು. ಯಾರ ಮುಖವನ್ನೂ ನೋಡದೆ ಗೋಡೆ ತಡವಿಕೊಂಡು ಹೋಗಿ ದೀಪದ ಗುಂಡಿ ಒತ್ತಿದಳು. ವಾಪಸು ಬಂದು ತನ್ನ ಜಾಗದಲ್ಲಿ ಕುಳಿತಳು. ಡ್ರಿಸ್ಕಲ್‌ನ ಕುಣಿಯುತ್ತಿದ್ದ ಕಾಲು ನಿಂತಿತು.

ಬೆಳಕು ರೆಪ್ಪೆಗೆ ತಾಗಿದರೂ ಫೈಗಾ ಕಣ್ಣು ಬಿಡಲಿಲ್ಲ. ಪ್ರತಿ ಶನಿವಾರದ ರೂಢಿಯಂತೆ, ತನ್ನ ಭಾಷೆಯಲ್ಲೇ, ನಿದ್ದೆಗಣ್ಣಿನಲ್ಲಿ ಹೇಳಿದಳು: "ಕಪಾಟಿನಲ್ಲಿ ರೊಟ್ಟಿ ಇದೆ ಮಗಳೇ, ಹೋಗ್ತಾ ತಗೊಂಡು ಹೋಗು."