ಬಿರುಕಿಲ್ಲದ ಸೇತುವೆ

ಹದಿನೇಳನೆಯ ಸಲವೂ ರೈಲು ಅದೇ ಸೇತುವೆಯ ಮೇಲೆ ಹಳಿ ತಪ್ಪಿ ಕಣಿವೆಗೆ ಉರುಳಿತು. ಕಣಿವೆಯ ಆಳ ಒಂದು ಗೇಣು. ಸರ್ವೇಯರ್ ಹಾಕಿದ ಗರ್ಜನೆಗೆ ಮಾತ್ರ ಅಳತೆಯೇ ಇರಲಿಲ್ಲ. ಮೂರು ಬೀದಿಯಾಚೆ ಕ್ಷೌರಿಕನ ಕತ್ತಿ ಗಿರಾಕಿಯ ಕಿವಿಯ ಪಕ್ಕದಲ್ಲಿ ನಡುಗಿತಂತೆ.

"ನೀನೇ ಏನೋ ಮಾಡಿದೀಯ," ಎಂದು ಹೆಂಡತಿಯತ್ತ ತಿರುಗಿದ.

ಅನುಮಾನಕ್ಕೆ ಕಾರಣವಿತ್ತು. ಆ ಗುರುವಾರ ಬೆಳಿಗ್ಗೆ ಅವಳು ಊರಿಗೆ ಹೋಗಿಬರುತ್ತೇನೆಂದು ನಾಲ್ಕನೆಯ ಸಲ ಕೇಳಿದ್ದಳು. ಅವಳ ಅಕ್ಕ ಆಸ್ಪತ್ರೆಯಲ್ಲಿದ್ದಳು. ವಾರ ದಾಟಿದರೆ ಹೆಚ್ಚು ಎಂದು ಡಾಕ್ಟರು ಕೈಚೆಲ್ಲಿದ್ದರು. ತಾಯಿಯಿಲ್ಲದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ. ಜೀವವಿರುವಾಗ ಒಮ್ಮೆ ಮುಖ ನೋಡಬೇಕು, ಅಷ್ಟೇ. ಆದರೆ ಭಾನುವಾರ ಪುಟಾಣಿ ರೈಲು ಕಟ್ಟುವವರ ಸಂಘದ ಅಧ್ಯಕ್ಷರು ಕಪ್ ಹಿಡಿದು ಬರುವವರಿದ್ದರು.

"ಮೊದ್ಲು ರೈಲು ಓಡ್ಲಿ. ನಿಮ್ಮಕ್ಕ ಮಂಚ ಬಿಟ್ಟು ಎಲ್ಲಿಗೂ ಓಡಿಹೋಗಲ್ಲ," ಎಂದಿದ್ದ.

ಅಂಥ ರೈಲುಮಾರ್ಗ ಭೂಮಿಯ ಮೇಲೆ ಇನ್ನೊಂದಿಲ್ಲ. ಇದೆ ಎಂದವರ ಮೂಗು ಕೊಯ್ಯಬಹುದು. ನ್ಯಾರೋಗೇಜ್, ಎರಡು ಹಳಿಗಳ ನಡುವೆ ಕಿರುಬೆರಳು ತೂರಿದರೆ ಪುಣ್ಯ. ಮಲಗುವ ಕೋಣೆಯ ನಾಲ್ಕೂ ಗೋಡೆಗೆ ಒತ್ತಿಕೊಂಡು ಎದೆಮಟ್ಟದ ಹಲಗೆ, ಅದರ ಮೇಲೆ ಬೆಟ್ಟ, ಸುರಂಗ, ಹನ್ನೊಂದು ಹಳ್ಳಿ. ಅದರ ಕೆಳಗೆ ನೆಲದವರೆಗೂ ಬೀರು, ಬೀರುಗಳ ತುಂಬ ಡಬ್ಬಿ. ಇರುವೆ ಕೂಡ ಸುತ್ತಿ ಬಳಸಿ ಹೋಗಬೇಕು. ಅವಳ ಧಾರೆಸೀರೆಯ ಹಸಿರು ಅಂಚು ಗದ್ದೆಯಾಗಿತ್ತು. ಅವಳ ಕೂದಲು ಇಪ್ಪತ್ತು ಕುದುರೆಗಳ ಬಾಲವಾಗಿತ್ತು. ಬೆಂಕಿಕಡ್ಡಿ ಸೀಳಿ ಹಳಿಯಡಿಗೆ ನಾಲ್ಕು ಸಾವಿರ ಪಟ್ಟಿ ಜೋಡಿಸಿದವಳೂ, ಹಳಿಗೆ ಬೆಸುಗೆ ಹಾಕಿದವಳೂ ಅವಳೇ. ಕಟ್ಟಿದವರು ಯಾರು ಎಂದರೆ, ಸರ್ವೇಯರ್. ಅವಳು ಮಲಗುತ್ತಿದ್ದದ್ದು ಅಡುಗೆಮನೆಯಲ್ಲಿ, ಸಿಲಿಂಡರ್ ಪಕ್ಕ.

ತೊಂದರೆಯೆಲ್ಲ ಬಾಗಿಲೆದುರಿನ ತುಂಡಿನದು. ಸೇತುವೆಯಿದ್ದ ಆ ತುಂಡು ಕೆಳಗಿನ ಬೀರು ಸಮೇತ ಗೇಟಿನಂತೆ ತೆರೆಯುತ್ತಿತ್ತು. ತೆರೆದು ಮುಚ್ಚಿ, ತೆರೆದು ಮುಚ್ಚಿ, ಹಳಿಗಳು ಕೂಡುವಲ್ಲಿ ಕೂದಲೆಳೆಯಷ್ಟು ಬಿರುಕು. ಆನೆಯನ್ನು ಬೀಳಿಸಲು ಹಳ್ಳ ಬೇಕು, ಈ ರೈಲಿಗೆ ಆ ಕೂದಲೆಳೆ ಸಾಕಿತ್ತು.

"ಆ ಬಿರುಕು ನನ್ನ ಕಣ್ಣಿಗೆ ಬೀಳಬಾರದು. ಇಪ್ಪತ್ತು ಸುತ್ತು ಬೀಳದೆ ಓಡಿದ್ರೆ ನಿನ್ನ ಬಸ್ಸು ಹತ್ತು," ಎಂದು ತೀರ್ಪು ಕೊಟ್ಟ.

ಅವಳು ಅಂಟು ತರಲು ಹೋದಳು. ದಾರಿಯಲ್ಲಿ ದರ್ಜಿ ಹೆಂಗಸು ತಡೆದಳು. ಬೀದಿಯ ಸಂಕಟಗಳಿಗೆಲ್ಲ ಪುಕ್ಕಟೆ ಮದ್ದು ಹೇಳುವವಳು ಆಕೆ. ಒಂದು ಸುತ್ತಿಗೆ ಏಟು ಹಾಕು ತಾಯಿ, ಬೆಟ್ಟವೂ ಇಲ್ಲ ಗುಡ್ಡವೂ ಇಲ್ಲ, ಆ ಕೊಂಪೆ ಸುಟ್ಟರೂ ಕೇಳುವವರಿಲ್ಲ, ಎಂದು ಹುರಿದುಂಬಿಸಿದಳು.

"ಛೆ, ಅವರ ಜೀವಾನೇ ಅದರೊಳಗಿದೆ ಕಣೇ. ಒಡೆಯೋ ಕೈ ನನ್ನದಾಗಬಾರದು," ಎಂದಳು ಸರ್ವೇಯರ್ ಹೆಂಡತಿ.

ದರ್ಜಿ ಹಣೆ ಚಚ್ಚಿಕೊಂಡಳು. ಭೂಮಿತೂಕದ ಹೆಂಗಸು ಎಂದರೆ ಇವಳೇ, ತುಳಿದಷ್ಟೂ ತಗ್ಗುತ್ತಾಳೆ.

ಮಧ್ಯಾಹ್ನವೆಲ್ಲ ಬಾಗಿಲಲ್ಲಿ ಮಂಡಿಯೂರಿ ದುಡಿದಳು. ಮರದ ಸಂದಿಗೆ ಎರಡು ಟ್ಯೂಬಿನ ಅಂಟು. ಹಳಿಗೆ ಬೆಸುಗೆ. ಮೇಲೆ ಗಾರೆ, ಗಾರೆಯ ಮೇಲೆ ಮಣ್ಣಿನ ಬಣ್ಣ, ಬಣ್ಣದ ಮೇಲೆ ಪಾಚಿ. ಹಲಗೆಯ ಆಚೆ ಬದಿಯಿಂದ ಆತ ಬೆತ್ತ ತೋರಿಸುತ್ತ ಅಪ್ಪಣೆ ಕೊಡುತ್ತಿದ್ದ: ಇನ್ನೂ ಹಚ್ಚು, ಇನ್ನೂ ಗಟ್ಟಿ. ಅವಳು ಇನ್ನೂ ಹಚ್ಚಿದಳು. ಅಂಟು ಒಣಗುವಷ್ಟರಲ್ಲಿ ಕಲ್ಲು ಅದರ ಮುಂದೆ ಬೆಣ್ಣೆ.

ರೈಲು ಹೊರಟಿತು. ಒಂದು ಸುತ್ತು, ಹತ್ತು, ಇಪ್ಪತ್ತು. ಸರ್ವೇಯರ್‌ಗೆ ಜಗತ್ತು ಮರೆತುಹೋಯಿತು. ಅವಳು ಎರಡು ಕ್ಯಾನು ನೀರು, ಬಿಸ್ಕತ್ತಿನ ದೊಡ್ಡ ಡಬ್ಬ, ಮುಚ್ಚಳವಿದ್ದ ಖಾಲಿ ಬಕೆಟ್ಟು, ಎಲ್ಲವನ್ನೂ ಬೆಟ್ಟದ ಮೇಲಿಂದ ಕೈಗೆ ದಾಟಿಸಿದಳು. ಕೆಲಸ ಬಿಟ್ಟು ಏಳುವುದು ಬೇಡವಲ್ಲ ಎಂದಳು. ಪತಿಭಕ್ತಿ ಎಂದರೆ ಇದು ಎಂದು ಆತ ಮೀಸೆಯಲ್ಲೇ ನಕ್ಕ.

"ಇನ್ನು ಅಲ್ಲಾಡಲ್ಲ ರೀ. ಬರ್ತೀನಿ," ಎಂದು ಅವಳು ಚೀಲ ಎತ್ತಿಕೊಂಡಳು. ಬೀದಿಬಾಗಿಲನ್ನು ಬರೀ ಮುಂದಕ್ಕೆಳೆದು ಹೋದಳು. ರಾತ್ರಿ ಊಟದ ಹೊತ್ತಿಗೆ ಅಕ್ಕನ ಕೈ ಅವಳ ಕೈಯಲ್ಲಿತ್ತು.

ಶುಕ್ರವಾರ ಆ ಮನೆಯಿಂದ ಗರ್ಜನೆ ಕೇಳಿತು. ಶನಿವಾರವೂ ಕೇಳಿತು. ಬೀದಿ ಎಂದಿನಂತೆ ಕಿಟಕಿ ಮುಚ್ಚಿಕೊಂಡಿತು. ಹೆಂಡತಿ ಊರಲ್ಲಿಲ್ಲ, ಯಾರ ಮೇಲೆ ಕೂಗುತ್ತಾನೋ ಪುಣ್ಯಾತ್ಮ, ಎಂದು ದರ್ಜಿ ಸೂಜಿಗೆ ದಾರ ಪೋಣಿಸಿದಳು. ಹಜಾರದಲ್ಲಿ ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು.

ಭಾನುವಾರ ಅಧ್ಯಕ್ಷರು ನಾಲ್ವರು ಸದಸ್ಯರೊಂದಿಗೆ ಬಂದರು. ಎದ್ದು ಬಂದು ಸ್ವಾಗತಿಸುವ ಜಾತಿಯಲ್ಲ ಸರ್ವೇಯರ್. ಒಳಗಿನಿಂದಲೇ ಬನ್ನಿ ಎಂದ. ಕೋಣೆಯ ಬಾಗಿಲಲ್ಲಿ ಐವರೂ ಗುಂಪುಗಟ್ಟಿದರು. ಸರ್ವೇಯರ್‌ಗೆ ಗಡ್ಡ ಬೆಳೆದಿತ್ತು, ಕಣ್ಣು ಕೆಂಡವಾಗಿತ್ತು. ತಪಸ್ಸು ಎಂದರೆ ಇದು ಎಂದು ಒಬ್ಬ ಪಿಸುಗುಟ್ಟಿದ. ಮೂಗಿಗೆ ಕರವಸ್ತ್ರ ಹಿಡಿದ ಇನ್ನೊಬ್ಬ ಅಂಟಿನ ವಾಸನೆಯನ್ನು ಬೈದುಕೊಂಡ.

ರೈಲು ನಲವತ್ತು ಸುತ್ತು ಓಡಿತು. ಅಧ್ಯಕ್ಷರು ಭೂತಗನ್ನಡಿ ಹಿಡಿದು ಸೇತುವೆಯನ್ನು ಮೂಸುವಷ್ಟು ಹತ್ತಿರದಿಂದ ನೋಡಿದರು. ಎಲ್ಲಿ ಕೂಡಿದೆಯೋ ಬ್ರಹ್ಮನಿಗೂ ತಿಳಿಯದು. ಅವರ ಕಣ್ಣಲ್ಲಿ ನೀರೇ ಬಂತು. ಬಂಗಾರದ ಬಣ್ಣದ ಕಪ್ ಹೊರತೆಗೆದರು.

"ನಿಯಮ ಗೊತ್ತಲ್ಲ? ವರ್ಷವಿಡೀ ಹೀಗೇ ಇರಬೇಕು. ಒಂದು ತುಂಡು ಒಡೆದ್ರೂ ಕಪ್ ವಾಪಸ್. ಹೊರಗೆ ಬನ್ನಿ ಸರ್ವೇಯರ್ರೇ, ಹಾರ ಹಾಕಿ ಕೊಡ್ತೀವಿ."

"ಹೆಂಗ್ ಬರೋದು ಅಂತ ಗುರುವಾರದಿಂದ ಅದನ್ನೇ ನೋಡ್ತಾ ನಿಂತಿದೀನಿ ಸಾರ್," ಎಂದ ಸರ್ವೇಯರ್.