ಭಂಡಾರ ಹಚ್ಚಿದ ಸಿ.ಡಿ.

“ಗಾಡಿ ತಗೊಳ್ಳೋ ಮುಂದ ಅದರ ಮೇಸ್ತ್ರಿ ಎಲ್ಲದಾನ ಅಂತ ನೋಡಬೇಕು,” ಎನ್ನುತ್ತ ಬಾಲಪ್ಪ ರೆಡ್‌ಹ್ಯಾಟ್ ಸಿ.ಡಿ.ಯನ್ನು ಕಂಪ್ಯೂಟರಿನ ನೆತ್ತಿಯ ಮೇಲಿಟ್ಟ. “ಸಿಂಧನೂರಾಗ ಕಂಪ್ಯೂಟರ್ ನಡಸೋ ಈ ಲಿನಕ್ಸ್ ಬಲ್ಲಾಂವ ಒಬ್ಬ ಅದಾನ. ಕೆಟ್ಟರ ಮಸ್ಕಿಯಿಂದ ಬಸ್ಸಿಗೆ ಹಾಕ್ಕೊಂಡು ಹೋದ್ರಾತು, ಸಂಜಿಗೆ ರಿಪೇರಿ.”

“ನನ್ನ ಡೆಬಿಯನ್‌ಗೆ ಬಸ್ ಚಾರ್ಜ್ ಬೇಕಾಗಂಗಿಲ್ಲರಿ,” ಎಂದು ಅವನ ಹೆಂಡತಿ ಕರೆಮ್ಮ ತನ್ನ ಸಿ.ಡಿ.ಯನ್ನು ಅದರ ಪಕ್ಕಕ್ಕೇ ಇಟ್ಟಳು. ಗುಲ್ಬರ್ಗಾದಲ್ಲಿ ಎಂ.ಎಸ್ಸಿ. ಓದುವಾಗ ಲ್ಯಾಬಿನ ಯಂತ್ರಗಳಿಗೆಲ್ಲ ಅದನ್ನು ಹಾಕಿದವಳೇ ಅವಳು. ಮದುವೆಯಾಗಿ ಬಂದ ಮೇಲೆ ಎರಡು ವರ್ಷದಿಂದ ಕೀಬೋರ್ಡ್ ಮುಟ್ಟಿರಲಿಲ್ಲ. ಈ ಹಳೆಯ ಕಂಪ್ಯೂಟರನ್ನು ಗಂಡ ತಂದದ್ದು ಅವಳಿಗೆಂದೇ. ವೈರಸ್ ಬಡಿದು ಅದರ ಹೊಟ್ಟೆ ಬರಿದಾಗಿತ್ತು. ಈಗ ಅದರೊಳಕ್ಕೆ ಸಿಂಧನೂರಿನವನ ವಿದ್ಯೆ ಹೊಕ್ಕರೆ ಅದೂ ಟಿ.ವಿ., ಮಿಕ್ಸರುಗಳ ಹಾಗೆ ಮನೆಯ ಇನ್ನೊಂದು ಸಾಮಾನು. ಅದರ ಮೇಲಿನ ಧೂಳು ಒರೆಸುವುದಷ್ಟೇ ಅವಳ ಪಾಲು.

ಜೋಳ ಹಸನು ಮಾಡುತ್ತ ಕುಳಿತಿದ್ದ ಅತ್ತೆ ಗ್ಯಾನಮ್ಮ ಮೊರ ನಿಲ್ಲಿಸಿದಳು. “ಎರಡೂ ಲಿನಕ್ಸ್ ಅಂತೀರಿ, ಮತ್ತ ಜಗಳ ಯಾತರದು?”

“ಒಳಗಿಂದು ಒಂದ ಅತ್ತೀ. ಕಟ್ಟಿಕೊಟ್ಟ ಮಂದಿ ಬ್ಯಾರೆ.”

“ಅಂದ್ರ ಜ್ವಾಳ ಒಂದ, ರೊಟ್ಟಿ ಬಡದ ಕೈ ಬ್ಯಾರೆ. ಹಸದಾಂವ ಯಾರ ರೊಟ್ಟಿ ಆದ್ರೂ ತಿಂತಾನ ತಗಿ.”

“ನಿಮ್ಮ ಮಗನ್ನ ಕೇಳ್ರಿ. ನನ್ನ ರೊಟ್ಟಿ ದಪ್ಪ ಅಂತ ಮಾರಿ ಹಿಂಡ್ತಾರ.”

“ರೊಟ್ಟಿ ಮಾತು ಇಲ್ಲ್ಯಾಕ ತರ್ತಿ ಲೇ!” ಎಂದ ಬಾಲಪ್ಪ. ಅಷ್ಟರಲ್ಲಿ ಕರೆಂಟ್ ಹೋಯಿತು. ಗಂಡ ಹೆಂಡತಿ ಹೊರಗಿನ ಕಟ್ಟೆಯ ಮೇಲೆ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕುಳಿತರು.

ಕರೆಂಟ್ ಬಂದು ಒಳಗೆ ಬಂದರೆ ಎರಡೂ ಸಿ.ಡಿ.ಗಳ ಕನ್ನಡಿಯಂಥ ಮುಖಕ್ಕೆ ಎಣ್ಣೆಯಲ್ಲಿ ಕಲಸಿದ ಭಂಡಾರ, ದೇವರ ಅರಿಶಿನ, ಹಳದಿಯಾಗಿ ಮೆತ್ತಿಕೊಂಡಿತ್ತು.

“ಯವ್ವಾ, ಏನ್ ಮಾಡಿದಿ ಬೇ?”

“ಹೊಸ ಸಾಮಾನಕ್ಕ ಮೈಲಾರಲಿಂಗನ ಭಂಡಾರ ಹಚ್ಚದಂಗ ಬಿಡ್ಲೇನು? ಎರಡಕ್ಕೂ ಸಮ ಹಚ್ಚೀನಿ, ಒಂದಕ್ಕ ಕಮ್ಮಿ ಮಾಡಿಲ್ಲ. ಆ ಕಡೆ ಅಕ್ಷರ ಅದಾವ, ಅಳಿಸಿ ಹೋದಾವು ಅಂತ ಖಾಲಿ ಕಡೆ ನೋಡಿ ಹಚ್ಚೀನಿ.”

ಕರೆಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಬಾಲಪ್ಪ, “ಹ್ವಾದ್ವು, ಎರಡೂ ಹ್ವಾದ್ವು. ಇನ್ನ ಸಿಂಧನೂರೇ ಗತಿ,” ಎನ್ನುತ್ತ ತನ್ನ ಸಿ.ಡಿ.ಯನ್ನು ಲುಂಗಿಯ ಚುಂಗಿನಿಂದ ಗರಗರ ತಿಕ್ಕಲು ಹೊರಟ. ಕರೆಮ್ಮ ಅವನ ಮುಂಗೈ ಹಿಡಿದುಬಿಟ್ಟಳು. ಅತ್ತೆಯ ಎದುರಿಗೆ ಗಂಡನ ಕೈ ಹಿಡಿದದ್ದು ಅದೇ ಮೊದಲು.

“ಸುತ್ತ ತಿಕ್ಕಬ್ಯಾಡ್ರಿ. ಗೆರಿ ಬಿದ್ದರ ಖರೇನ ಹೋಗ್ತೈತಿ.”

ಬಟ್ಟಲಲ್ಲಿ ಸೋಪಿನ ನೀರು, ಮೆತ್ತಗಾದ ಹಳೆಯ ಪಂಚೆಯ ತುಂಡು ತಂದು ಕುಳಿತಳು. ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ನೆಟ್ಟಗೆ ಒರೆಸಿದಳು. ಮೊದಲು ಒರೆಸಿದ್ದು ಗಂಡನದು. ಅದರ ತೂತಿಗೆ ಬೆರಳು ಕೊಟ್ಟು ಅವನತ್ತ ಚಾಚಿದಳು.

“ತಗೋರಿ. ಹಾಕ್ರಿ.”

ಬಾಲಪ್ಪ ಅದನ್ನು ಇಸಕೊಂಡ, ಹಾಕಲಿಲ್ಲ. ಅವಳು ಎರಡನೆಯದನ್ನು ಒರೆಸಿ ಮುಗಿಸುವವರೆಗೂ ಆ ಕೈಗಳನ್ನೇ ನೋಡುತ್ತ ಕುಳಿತಿದ್ದ. ಆಮೇಲೆ ತನ್ನದನ್ನು ಕವರಿಗೆ ಸೇರಿಸಿ, ಅವಳದನ್ನು ತೆಗೆದುಕೊಂಡು ಯಂತ್ರದೊಳಕ್ಕೆ ಇಟ್ಟ.

“ಕೆಟ್ಟರ?”

“ನಾ ಅದೀನಲ್ಲ.”

“ಜಲ್ದಿ ಬರ್ತಿ?”

“ಅಡಿಗಿಮನಿಯಿಂದ ಇಲ್ಲಿಗೆ ಬಸ್ ಕಾಯೋದಿರಂಗಿಲ್ಲರಿ.”

ಯಂತ್ರ ಗುಂಯ್ ಎಂದಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಓಡತೊಡಗಿದವು. “ಕಂಡ್ರಿಲ್ಲ? ಭಂಡಾರ ಹಚ್ಚಿದ್ದಕ್ಕ ಹೆಂಗ ಓಡಾಕತ್ತೈತಿ!” ಎಂದಳು ಗ್ಯಾನಮ್ಮ. ಇಬ್ಬರೂ ಹೌದೆಂದು ತಲೆಯಾಡಿಸಿದರು.

ಬಿಸಿಲು ಇಳಿಯುವ ಹೊತ್ತಿಗೆ ಕೆಲಸ ಮುಗಿಯುತ್ತ ಬಂದಿತ್ತು. ಅಕ್ಷರಗಳು ಓಡುವುದನ್ನು ಬಿಟ್ಟು ಒಂದು ಕಡೆ ನಿಂತವು.

“ಈಗೇನು ಕೇಳಾಕತ್ತೈತಿ?” ಎಂದ ಬಾಲಪ್ಪ.

“ಇದರ ಯಜಮಾನರ ಗುಟ್ಟಿನ ಮಾತು, ಪಾಸ್‌ವರ್ಡ್. ಅದು ಯಾರಿಗೆ ಗೊತ್ತಿರ್ತೈತೋ ಅವರ ಕೈಯಾಗ ಎಲ್ಲಾ ಇರ್ತೈತಿ,” ಎಂದು ಕರೆಮ್ಮ ಮನೆಯ ರೂಢಿಯಂತೆ ಕೀಬೋರ್ಡನ್ನು ಗಂಡನ ಮುಂದಕ್ಕೆ ಸರಿಸಿದಳು.

ಬಾಲಪ್ಪ ಅದನ್ನು ತಿರುಗಿ ಅವಳ ಮುಂದಕ್ಕೆ ಸರಿಸಿದ. ಎದ್ದು ಹೋಗಿ ಗೋಡೆಗೆ ಮುಖ ಮಾಡಿ ನಿಂತ.

“ಅದ್ಯಾಕ್ರೀ? ಬರದದ್ದು ಪರದಿ ಮ್ಯಾಲ ಕಾಣಂಗಿಲ್ಲ.”

“ಬೆರಳು ಕಾಣ್ತಾವಲ್ಲ. ನೀ ಬರಿ.”

ಗ್ಯಾನಮ್ಮನಿಗೆ ಏನೊಂದೂ ತಿಳಿಯಲಿಲ್ಲ. ಮೊರವನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಅವಳೂ ಮಗನ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ನಿಂತಳು.